ಬಾಡಿಗೆಯಿಲ್ಲದ ದೋಣಿಮನೆ

ನೀರಿನ ಮೇಲೆ ಇರುವುದಕ್ಕೆ ಬಾಡಿಗೆ ಇಲ್ಲ ಎಂದು ನನ್ನ ಗಂಡ ಹೇಳಿದಾಗ ನಾನು ನಂಬಿಬಿಟ್ಟೆ. ನಂಬದೆ ಏನು ಮಾಡಲಿ? ದೋಣಿ ಎಂಬುದನ್ನು ಅಲ್ಲಿಯವರೆಗೆ ನಾನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಶಹಾಪುರದ ಕಲ್ಲುಗುಡ್ಡದ ಬುಡದಲ್ಲಿ ಹುಟ್ಟಿ ಬೆಳೆದವಳಿಗೆ ನೀರೆಂದರೆ ಕೊಡದಲ್ಲಿ ಹಿಡಿಸುವಷ್ಟೇ. ಈಗಲೂ ಬ್ಲೌಸ್ ಹೊಲಿಸಲು ಬಂದವರು ಯಾರಾದರೂ, "ಅಕ್ಕಾ, ನೀವು ದೋಣ್ಯಾಗ ಸಂಸಾರ ಮಾಡೀರಂತಲ್ಲ, ಭಾಳ ಛಲೋ ಇರ್ತದೇನ್ರಿ? ಗಾಳಿ, ಬೆಳದಿಂಗಳು..." ಅಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಬೆಳದಿಂಗಳು ಪುಕ್ಕಟೆ ಇತ್ತು, ಖರೆ. ಉಳಿದದ್ದಕ್ಕೆಲ್ಲ ಏನೇನು ಕೊಡಬೇಕಾಯಿತು ಎಂಬುದನ್ನು ಒಮ್ಮೆ ಬರೆದು ಕೈತೊಳೆದುಕೊಳ್ಳುತ್ತೇನೆ.

ಗಂಡನ ಎದುರಿಗೆ ‘ರೀ’ ಅನ್ನದೆ ಮಾತಾಡಿದವಳಲ್ಲ ನಾನು. ಬರೆಯುವಾಗ ಮಾತ್ರ ಅಷ್ಟು ಮರ್ಯಾದೆ ಕೈಗೆ ಬರುತ್ತಿಲ್ಲ.

ಅವನು ಬಾವಿ ಇಂಜಿನ್ನುಗಳ ಮಿಸ್ತ್ರಿ. ನಾನು ಹೊಲಿಗೆಯವಳು. ಕಾಲುವೆ ಬರುವ ತನಕ ಇಬ್ಬರ ಕೈಗೂ ಬಿಡುವಿರಲಿಲ್ಲ. ಹೊಲದ ಬದುವಿಗೇ ನೀರು ಬಂದ ಮೇಲೆ ಡೀಸೆಲ್ ಸುಟ್ಟು ಬಾವಿಯ ನೀರೆತ್ತುವವರು ಯಾರು? ಜನ ಇಂಜಿನ್ನುಗಳ ಮೇಲೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದರು. ಊರಿಗೆಲ್ಲ ಹಬ್ಬ, ನಮ್ಮ ಮನೆಯಲ್ಲಿ ನಟ್ಟು ಬಿಚ್ಚುವ ಪಾನಾಗಳಿಗೆ ತುಕ್ಕು. ಅಂಥ ಹೊತ್ತಿನಲ್ಲಿ ಹುಣಸಗಿಯ ಆಚೆ, ಕೃಷ್ಣೆಯ ಹಿನ್ನೀರಿನಲ್ಲಿ ಒಬ್ಬ ಮುದಿ ಅಂಬಿಗ ತನ್ನ ದೊಡ್ಡ ಮರದ ದೋಣಿ ಮಾರುತ್ತಾನೆಂದು ಇವನಿಗೆ ಯಾರೋ ಹೇಳಿದರು. ಹಾಯಿ ಕಟ್ಟಲು ನಡುವೆ ಕಂಬ, ಹಿಂಭಾಗದಲ್ಲಿ ತಗಡಿನ ಗೂಡು. ಅಡುಗೆಗೂ ಮಲಗಲಿಕ್ಕೂ ಆ ಗೂಡೇ.

"ಒಂದು ಇಂಜಿನ್ ಕೂಡಿಸಿದ್ರ ಆತು," ಅಂದ. "ಈ ದಂಡಿ ಕುರಿ ಆ ದಂಡಿಗಿ, ಆ ದಂಡಿ ಕಟಿಗಿ ಈ ದಂಡಿಗಿ. ಗಾಳಿ ಇದ್ದಾಗ ಡೀಸೆಲೂ ಬ್ಯಾಡ. ಇರಾಕ ಬಾಡಿಗಿ ಇಲ್ಲ, ಮನಿಪಟ್ಟಿ ಇಲ್ಲ. ಏನ್ ಬೇಕು ಇನ್ನ?"

ಶಹಾಪುರದ ಮನೆಯಲ್ಲಿ ತನ್ನ ಪಾಲಿಗೆ ಬಂದಿದ್ದ ಎರಡು ಅಂಕಣವನ್ನು ಅಣ್ಣನಿಗೆ ಬಿಟ್ಟುಕೊಟ್ಟು ದೋಣಿ ಕೊಂಡ. ನಮಗೆ ಮಕ್ಕಳಿರಲಿಲ್ಲ. ಒಂದು ಟ್ರಂಕು, ಪಾತ್ರೆ, ಗಾದಿ, ನನ್ನ ಹೊಲಿಗೆ ಯಂತ್ರ, ಅವನ ಇಂಜಿನ್. ಅಲ್ಲಿಂದ ಮುಂದೆ ನಮ್ಮ ತಲೆಯ ಮೇಲಿನ ಸೂರು ಅಂದರೆ ಆ ದೋಣಿಯೊಂದೇ. ಅದು ತೇಲಿದರೆ ನಮಗೆ ಮನೆ ಉಂಟು, ಮುಳುಗಿದರೆ ಇಲ್ಲ.

ದೋಣಿ ಒಪ್ಪಿಸುವ ದಿನ ಮುದುಕ ಹಲಗೆಯ ಮೇಲೆ ಕೈಯಾಡಿಸಿ ನನಗೆ ಹೇಳಿದ: "ತಂಗಿ, ಬ್ಯಾಸಗ್ಯಾಗ ಇದಕ್ಕ ದಿನಾ ನೀರು ಕುಡಸ್ಬೇಕು. ಒಳಗಿಂದ ಚೆಲ್ಲಬೇಕು. ಮರತ್ರ ಇದು ಮುನಿಸ್ಕೋತದ."

ನನ್ನ ಗಂಡ ನಕ್ಕ. "ನೀರಾಗ ಇರೂದಕ್ಕ ಮತ್ತ ನೀರು ಕುಡಸ್ಬೇಕೇನು!" ಮುದುಕ ಅವನ ಮುಖ ನೋಡಿದ, ಹಣ ಎಣಿಸಿಕೊಂಡು ಹೋದ.

ಹಾಯಿ ಹೊಲಿದದ್ದು ನಾನು. ಲಾರಿಯವರ ಬಳಿ ಹಳೆಯ ಕ್ಯಾನ್ವಾಸಿನ ತಾಡಪತ್ರಿ ಸಿಕ್ಕಿತು. ಯಂತ್ರದ ಸೂಜಿಗೆ ಅದು ಬಗ್ಗುವ ಬಟ್ಟೆಯಲ್ಲ. ದಬ್ಬಣ ಹಿಡಿದು, ದಾರಕ್ಕೆ ಮೇಣ ತಿಕ್ಕಿ, ಅಂಚನ್ನು ಎರಡು ಸಲ ಮಡಿಚಿ ಕೈಯಲ್ಲೇ ಹೊಲಿದೆ. ದಪ್ಪ ಬಟ್ಟೆಗೆ ದಾರವನ್ನು ಬಿಗಿದೆಳೆಯಬಾರದು, ನೆನೆದಾಗ ಅದು ಹಿಗ್ಗಿ ಕುಗ್ಗಲು ಕೊಂಚ ಸಡಿಲ ಬಿಡಬೇಕು. ಇಲ್ಲದಿದ್ದರೆ ಹೊಲಿಗೆಯೇ ಬಟ್ಟೆಯನ್ನು ಕೊಯ್ಯುತ್ತದೆ. ಸುತ್ತಲೂ ಹಗ್ಗ ಕೂಡಿಸಿ ಹೊಲಿಯುವಷ್ಟರಲ್ಲಿ ಅಂಗೈ ಬೊಬ್ಬೆಯೆದ್ದಿತ್ತು. ಮೊದಲ ದಿನ ಗಾಳಿ ತುಂಬಿ, ಇಂಜಿನ್ನಿನ ಸದ್ದಿಲ್ಲದೆ ದೋಣಿ ಹೊರಟಾಗ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಸುಳ್ಳು ಹೇಳಬಾರದು. ಆ ಒಂದು ದಿನ ಖುಷಿಯಾಗಿತ್ತು.

ಆಮೇಲೆ ಖರ್ಚು ಶುರುವಾಯಿತು. ಡಾಂಬರು, ರಾಳ, ಎಣ್ಣೆ, ಹಗ್ಗ, ಮೊಳೆ. ಮನೆಯ ಗೋಡೆ ಒಂದು ಸಲ ಕಟ್ಟಿದರೆ ಸುಮ್ಮನೆ ನಿಲ್ಲುತ್ತದೆ. ದೋಣಿ ದಿನವೂ ಏನಾದರೂ ಬೇಡುತ್ತದೆ. ಕುರಿ ದಾಟಿಸಿದ ದಿನ ಹಿಕ್ಕಿ ಬಳಿದು ತೊಳೆದು, ಅದೇ ಹಲಗೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣಬೇಕು. ನನ್ನ ಯಂತ್ರ ತೇವಕ್ಕೆ ತುಕ್ಕು ಹಿಡಿಯಿತು, ಅಲೆಗೆ ಅಲ್ಲಾಡಿ ಹೊಲಿಗೆ ಡೊಂಕಾಯಿತು. ಮದುವೆಯ ಬ್ಲೌಸ್ ಪೀಸೊಂದಕ್ಕೆ ಟ್ರಂಕಿನೊಳಗೇ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಎದ್ದವು. ಕೊಟ್ಟವಳು ಬಾಯಿಗೆ ಬಂದಂತೆ ಬೈದಳು. ಹೊಸ ಬಟ್ಟೆ ತಂದುಕೊಟ್ಟೆ. ಅಲ್ಲಿಗೆ ಆ ದಂಡೆಯ ಹೆಂಗಸರು ನನಗೆ ಬಟ್ಟೆ ಕೊಡುವುದು ನಿಂತಿತು. ಹೀಗೆ ನನ್ನ ಕಸುಬು ಹೋಯಿತು. ಗಂಡನ ಲೆಕ್ಕದಲ್ಲಿ ಇದು ಖರ್ಚಿನ ಬಾಬ್ತಿಗೇ ಬರಲಿಲ್ಲ.

ಊರು ಬಿಟ್ಟವರೆಂದು ಶಹಾಪುರದಲ್ಲಿ ರೇಷನ್ ಕಾರ್ಡು ರದ್ದಾಗಿತ್ತು. ದಂಡೆಯ ಹಳ್ಳಿಯ ರೇಷನ್ ಅಂಗಡಿಗೆ ಹೋಗಿ ಕೇಳಿದೆ.

"ಮನಿ ನಂಬರ್ ಏನ್ರಿ ಅಕ್ಕಾ?" ಅಂದ ಅಂಗಡಿಯವ.

"ದೋಣ್ಯಾಗ ಇರ್ತೀವ್ರಿ."

"ದೋಣಿ ಯಾವ ಊರ ಹದ್ದಿನಾಗ ಬರ್ತದ?"

"ಒಮ್ಮೆ ಈ ದಂಡಿಗಿ ಇರ್ತದ, ಒಮ್ಮೆ ಆ ದಂಡಿಗಿ."

"ಹಂಗಾದ್ರ ಸಕ್ಕರಿ ನಡುನೀರಾಗ ಕೇಳ್ರಿ," ಅಂತ ನಕ್ಕ. ಸಾಲಿನಲ್ಲಿ ನಿಂತವರೂ ನಕ್ಕರು. ಸೀಮೆಎಣ್ಣೆ, ಸಕ್ಕರೆ, ಅಕ್ಕಿ ಎಲ್ಲವನ್ನೂ ಕೇಳಿದ ಬೆಲೆಗೆ ಪೇಟೆಯಲ್ಲಿ ಕೊಂಡೆವು. ಮನೆ ನಂಬರಿಲ್ಲದ ಹೆಂಗಸಿನ ಮೇಲೆ ಯಾರು ಬೇಕಾದರೂ ನಗಬಹುದು ಎಂದು ಅವತ್ತು ತಿಳಿಯಿತು.

ಆ ಬೇಸಿಗೆ ಹಿನ್ನೀರು ಎಂದೂ ಇಳಿಯದಷ್ಟು ಇಳಿಯಿತು. ಕಾಲುವೆಯ ಕೆಳಗೆ ಶೇಂಗಾ ಹಸಿರಾಗಿ ನಿಂತಿತ್ತು. ಆ ಹಸಿರೆಲ್ಲ ನಮ್ಮ ಬುಡದಿಂದ ಹೋದ ನೀರು. ದೋಣಿಯನ್ನು ಆಳಕ್ಕೆ ಒಯ್ಯೋಣ ಎಂದು ನಾನು ದಿನವೂ ಅಂದೆ. ಅವನು ಇಂಜಿನ್ ಬಿಚ್ಚಿ ಕೂತಿದ್ದ. ಪಿಸ್ಟನ್ ಒಂದು ಕಡೆ, ವಾಲ್ವ್ ಒಂದು ಕಡೆ. ಗಾಳಿಯೂ ಬಿದ್ದುಹೋಗಿತ್ತು, ಹಾಯಿ ಹಗ್ಗಕ್ಕೆ ಜೋತುಬಿದ್ದಿತ್ತು. "ನಾಳಿ ಕೂಡಸ್ತೀನಿ, ನಾಳಿ ಹೋಗಮು" ಅನ್ನುತ್ತಿರುವಾಗಲೇ ಹಳ್ಳದ ಬಾಯಿಯಲ್ಲಿ ದೋಣಿ ಕೆಸರಿಗೆ ಕೂತುಬಿಟ್ಟಿತು. ಕೆಸರು ಒಣಗಿ ಬಿರುಕು ಬಿಟ್ಟಿತು. ನೀರಿನ ಅಂಚು ದೂರದಲ್ಲಿ ಒಂದು ಬೆಳ್ಳಿಗೆರೆಯಾಗಿ ಕಾಣುತ್ತಿತ್ತು.

ಕುಡಿಯಲು, ಅಡುಗೆಗೆ ಅಷ್ಟು ದೂರದಿಂದ ನಾನೇ ಕೊಡ ಹೊತ್ತೆ. ಮುದುಕನ ಮಾತು ನೆನಪಿತ್ತು.

"ನೀವೂ ಎರಡು ಕೊಡ ಹೊರ್ರಿ. ದೋಣಿಗಿ ಚೆಲ್ಲಮು," ಅಂದೆ.

"ಇಂಜಿನ್ ಕೆಲಸ ಬಿಟ್ಟು ಕಟಿಗಿಗಿ ನೀರು ಹಾಕ್ಲೇನು?" ಅಂದ. ಇಂಜಿನ್ನನ್ನು ದಿನವೂ ಎಣ್ಣೆ ಬಟ್ಟೆಯಿಂದ ಒರೆಸಿ ಗೋಣಿ ಹೊದಿಸುತ್ತಿದ್ದ. ನನ್ನ ಕುತ್ತಿಗೆಯ ನೋವು ಕೇಳುವುದಿರಲಿ, ದೋಣಿಯ ಹಲಗೆ ಮುಟ್ಟಿಯೂ ನೋಡಲಿಲ್ಲ.

ಹಲಗೆಗಳು ಕುಗ್ಗಿ ಸಂದು ಬಿಟ್ಟವು. ಗೂಡಿನೊಳಗೆ ಬಿಸಿಲಿನ ಕೋಲು ಬಿದ್ದವು. ಒಂದು ದಿನ ನನ್ನ ಯಂತ್ರದ ಬಾಬಿನ್ ಉರುಳಿ, ಸಂದಿಯಿಂದ ತೂರಿ ಕೆಳಗಿನ ಮಣ್ಣಿಗೆ ಬಿತ್ತು. ಅಯ್ಯ ಶಿವನೇ, ಬಾಬಿನ್ ತೂರುವ ಸಂದಿಯಿಂದ ನೀರು ಒಳಗೆ ಬಾರದಿರುತ್ತದೆಯೇ? ಕೂಗಿ ಕರೆದು ತೋರಿಸಿದೆ.

ಅವನಿಗೆ ಸ್ವಲ್ಪವೂ ಗಾಬರಿಯಾಗಲಿಲ್ಲ. "ಮಾಳಿಗಿ ಬಿರಿಯೂದಿಲ್ಲೇನು? ಮಿರಗಕ್ಕ ಮೊದ್ಲ ಮುಚ್ಚಿಬಿಟ್ರ ಆತು," ಅಂದ.

ನಮ್ಮ ಕಡೆಯ ಮನೆಗಳದು ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ. ಮಿರಗದ ಮಳೆ ಬೀಳುವ ಮೊದಲು ಪ್ರತಿ ಮನೆಯವರೂ ಮೇಲೆ ಹತ್ತಿ, ಬಿರುಕಿಗೆ ಕರಲು ಮಣ್ಣು ತುರುಕಿ ಬಡಿದು ಗಟ್ಟಿ ಮಾಡುತ್ತಾರೆ. ಎಷ್ಟು ಗಟ್ಟಿ ತುರುಕಿದರೆ ಅಷ್ಟು ಒಳ್ಳೆಯದು. ಹುಟ್ಟಿದಾಗಿನಿಂದ ನೋಡಿದ ಕೆಲಸ ಅದು. ಅದನ್ನೇ ಅವನು ದೋಣಿಗೆ ಮಾಡಿದ.

ನಮ್ಮ ಗಾದಿ ಬಿಚ್ಚಿ ಹತ್ತಿ ತೆಗೆದ. ನಾನು ಬತ್ತಿ ಹೊಸೆದು ಎಣ್ಣೆಯಲ್ಲಿ ಅದ್ದಿ ಕೊಟ್ಟೆ. ಮೊಂಡು ಉಳಿ ಇಟ್ಟು, ಮರದ ಕೊಡತಿಯಿಂದ ಬಡಿದು ಬಡಿದು ಸಂದಿಗೆ ಇಳಿಸಿದ. ಒಂದು ಬತ್ತಿ ಹಿಡಿಸುವಲ್ಲಿ ಮೂರು ಹಾಕಿದ. ಮೇಲೆ ರಾಳ ಕಲಸಿದ ಬಿಸಿ ಡಾಂಬರು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಡಾಂಬರಿನ ಹೊಗೆಗೆ ಕಣ್ಣು ಕೆಂಡ. ಎಷ್ಟೋ ದಿನ ಇದೇ ಕೆಲಸ. ಕಡೆಗೆ ಸೂಜಿಮೊನೆಯೂ ಹೋಗದಂತೆ ಮಾಡಿ, ಹಲಗೆಗೆ ಮುಷ್ಟಿಯಿಂದ ಗುದ್ದಿದ. ಧಣ್ ಅಂದಿತು. "ಕೇಳಿದೇನು? ಗಡಿಗಿ ಹಂಗ ಆಗ್ಯದ," ಅಂದ. ಆವತ್ತು ರಾತ್ರಿಯಿಂದ ಬರಿ ಹಲಗೆಯ ಮೇಲೆ ಮಲಗಿದೆವು, ಗಾದಿಯ ಹತ್ತಿಯೆಲ್ಲ ದೋಣಿಯ ಹೊಟ್ಟೆಯಲ್ಲಿತ್ತಲ್ಲ.

ನಮ್ಮಲ್ಲಿ ಹನಿ ಬಿದ್ದಿರಲಿಲ್ಲ. ಮೇಲೆ ಎಲ್ಲೋ ಘಟ್ಟದಲ್ಲಿ ಸುರಿದ ಮಳೆಗೆ ಕೃಷ್ಣೆ ಕೆಂಪಾಗಿ ಬಂದಳು. ನಾನು ದಂಡೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ನೊರೆ, ಕಸಕಡ್ಡಿ, ಚೇಳುಗಳನ್ನು ಮುಂದಿಟ್ಟುಕೊಂಡು ನೀರು ತೆವಳುತ್ತ ಬಂತು. ದೋಣಿ ಮೆಲ್ಲಗೆ ಒಂದು ಸಲ ಹೊರಳಿ ಎದ್ದು ನಿಂತಿತು. ಒಳಗೆ ಒಂದು ತೊಟ್ಟು ನೀರಿಲ್ಲ! ಗಂಡ ಚಿಕ್ಕ ಹುಡುಗನಂತೆ ಕುಣಿದ. "ನೋಡಿದೇನು? ಮುದುಕ ನೀರು ಕುಡಸ್ರಿ ಅಂತಿದ್ದ!" ನನಗೂ ನಿರಾಳವಾಯಿತು. ಸೂರು ಉಳಿಯಿತಲ್ಲ ಎಂದು ಕೈಮುಗಿದೆ.

ಮರುದಿನ ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತಿದ್ದೆ. ಯಾರೋ ಹಲಗೆಗೆ ಬೆರಳ ಗೆಣ್ಣಿನಿಂದ ಕುಟ್ಟಿದಂತೆ ಟಕ್ ಅಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಒಂದು ಮೊಳೆ ಹಾರಿ ಬಂದು ನನ್ನ ಹಿತ್ತಾಳೆ ಕೊಡಕ್ಕೆ ಬಡಿಯಿತು. ಎದ್ದು ನೋಡಿದರೆ ಹಲಗೆಗಳು ಒಳಕ್ಕೆ ಉಬ್ಬುತ್ತಿದ್ದವು. ಹಲಗೆಗಳನ್ನು ಹಿಡಿದಿದ್ದ ಬಾಗಿದ ಅಡ್ಡಮರವೊಂದು ನಮ್ಮಿಬ್ಬರ ಕಣ್ಣೆದುರೇ ಸೀಳಿತು.

ಅವನಿಗೆ ತಕ್ಷಣ ಹೊಳೆಯಿತು. ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ ಎಂದು ಗೊತ್ತಿದ್ದವನಿಗೆ, ಮರ ನೆನೆದರೆ ಹಿಗ್ಗುತ್ತದೆ ಎಂಬುದು ಅಷ್ಟು ದಿನ ಯಾಕೆ ಹೊಳೆಯಲಿಲ್ಲವೋ! ಮಾಳಿಗೆಯ ಮಣ್ಣು ನೆನೆದರೆ ಮೆತ್ತಗಾಗಿ ಕೂತುಕೊಳ್ಳುತ್ತದೆ. ಮರ ಹಾಗಲ್ಲ, ತನ್ನ ಜಾಗ ವಾಪಸ್ ಕೇಳುತ್ತದೆ. ಆ ಜಾಗದಲ್ಲಿ ನಮ್ಮ ಗಾದಿ ತುಂಬಿತ್ತು.

"ನಾವು ಜಾಗಾನ ಬಿಟ್ಟಿಲ್ಲ," ಅಂದ.

"ನಾವಲ್ರಿ, ನೀವು," ಅಂದೆ.

ಬಡಿದು ತುಂಬಿದ್ದನ್ನೆಲ್ಲ ಕಿತ್ತು ತೆಗೆಯಬೇಕಾಯಿತು. ಮರ ಹಿಗ್ಗುವ ವೇಗಕ್ಕೆ ನಮ್ಮ ಕೈ ಓಡಬೇಕು. ಅವನು ಕೊಂಡಿ ಮಾಡಿದ ಕಬ್ಬಿಣದ ಸರಳು ಹಿಡಿದ, ನಾನು ದಬ್ಬಣ ಹಿಡಿದೆ. ಹೊಲಿಗೆ ಬಿಚ್ಚುವ ಕೆಲಸ ನನಗೆ ಹೊಸದಲ್ಲ, ಆದರೆ ಡಾಂಬರು ಕಚ್ಚಿದ ಹತ್ತಿ ಎಳೆಯುವಾಗ ಉಗುರು ಕಿತ್ತು ಬಂದವು. ಒಂದು ಸಂದು ಬಿಚ್ಚಿದ ಹಾಗೆ ಅಲ್ಲಿಂದ ನೀರು ಒಳಗೆ ಬಂತು. ಕಟ್ಟಿದರೆ ಒಡೆಯುತ್ತದೆ, ಬಿಚ್ಚಿದರೆ ಮುಳುಗುತ್ತದೆ.

ಆಗ ಅವನು ಹೇಳಿದ: "ಮುಳುಗಸ್ಬೇಕು."

"ಏನಂದ್ರಿ?"

"ದೋಣಿ ಮುಳುಗಸ್ಬೇಕು. ಕಲ್ಲು ಹೇರಿ, ಇಲ್ಲೇ ದಂಡಿ ನೀರಾಗ. ಒಳಗ, ಹೊರಗ ಎರಡೂ ಕಡೆ ನೀರಿದ್ರ ಹಲಗಿ ಸಮಾ ಹಿಗ್ಗತಾವ, ಸಂದು ತಾವ ಮುಚ್ಕೋತಾವ. ಆಮ್ಯಾಲ ಎತ್ತಮು."

ಮಾತು ಸರಿಯಿತ್ತು. ಸರಿಯಿದ್ದುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಮುದುಕ ಹೇಳಿದಂತೆ ದಿನಾ ನಾಲ್ಕು ಕೊಡ ಚೆಲ್ಲಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಇಡೀ ನದಿ ಬೇಕಾಯಿತು.

ಮನೆ ಖಾಲಿ ಮಾಡಿದೆವು. ಇಂಜಿನ್ ಮೊದಲು ಇಳಿಯಿತು. ನಾಲ್ವರು ಕುರಿಗಾರರನ್ನು ಕರೆದು, ಮಗು ಎತ್ತಿದಷ್ಟು ಜೋಕೆಯಿಂದ ಇಳಿಸಿದ. ಟ್ರಂಕು, ಪಾತ್ರೆ, ಯಂತ್ರ ನಾನು ಎಳೆದು ತಂದೆ. ಆಮೇಲೆ ಇಬ್ಬರೂ ಕಲ್ಲು ಹೊತ್ತು ನಮ್ಮ ಮನೆಯೊಳಗೆ ಹಾಕಿದೆವು. ನಾನು ಸಾರಿಸುತ್ತಿದ್ದ ಹಲಗೆ, ಒಲೆ ಇಡುತ್ತಿದ್ದ ಮೂಲೆ, ದೇವರ ಪಟ ಸಿಕ್ಕಿಸಿದ್ದ ತಗಡು ಒಂದೊಂದಾಗಿ ಕೆಂಪು ನೀರಿನೊಳಗೆ ಹೋದವು. ಕೈಯಾರೆ ಮನೆ ಮುಳುಗಿಸಿದವರನ್ನು ನಾನು ಬೇರೆ ಯಾರನ್ನೂ ಕಂಡಿಲ್ಲ. ಅವನು ನೀರು ಎಷ್ಟು ಬಂತು ಎಂದು ನೋಡುತ್ತಿದ್ದ. ನಾನು ಅತ್ತೆ. ಅವನು ತಿರುಗಿ ನೋಡಲಿಲ್ಲ.

ಹಾಯಿಯನ್ನು ದಂಡೆಯ ಜಾಲಿಗಿಡಗಳ ನಡುವೆ ಕಟ್ಟಿ ಅದರ ಕೆಳಗೆ ಒಲೆ ಹೂಡಿದೆ. ಆ ಸಂಜೆಯೇ ಮಳೆ ಹಿಡಿಯಿತು. ಮೊದಮೊದಲು ನಾಲ್ಕು ಹನಿ ತೊಟ್ಟಿಕ್ಕಿದವು, ಆಮೇಲೆ ಕ್ಯಾನ್ವಾಸ್ ನೆನೆದು ಬಿಗಿದುಕೊಂಡಿತು. ಹೊಲಿಗೆ ಎಲ್ಲೂ ಹರಿಯಲಿಲ್ಲ, ಒಂದು ಹನಿ ಒಳಗೆ ಬೀಳಲಿಲ್ಲ. ನೆಲ ತಣ್ಣಗಿತ್ತು, ಆದರೆ ಅಲ್ಲಾಡುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಯಂತ್ರವನ್ನು ಸಮ ನೆಲದ ಮೇಲೆ ಇಟ್ಟು, ಎಣ್ಣೆ ಬಿಟ್ಟು, ತುಕ್ಕು ತಿಕ್ಕಿ ತುಳಿದೆ. ಹೊಲಿಗೆ ನೆಟ್ಟಗೆ ಬಂತು. ಕುರಿಗಾರರ ಹೆಣ್ಣುಮಗಳೊಬ್ಬಳು ಹರಿದ ಲಂಗ ತಂದುಕೊಟ್ಟು, ಬದಲಿಗೆ ಒಂದು ತಂಬಿಗೆ ಹಾಲು ಕೊಟ್ಟಳು. ಆ ಹಾಲು ಕಾಸುತ್ತ ಕೂತಾಗಲೇ ನನ್ನ ಮನಸ್ಸು ಗಟ್ಟಿಯಾಯಿತು. ಅವನಿಗೆ ಹೇಳಲಿಲ್ಲ.

ಹಲಗೆಗಳು ಹಿಗ್ಗಿ ಕೂಡಿಕೊಂಡವು. ಕುರಿಗಾರರು ಹಗ್ಗ ಹಾಕಿ ದಂಡೆಗೆ ಎಳೆದರು, ಕಲ್ಲು ತೆಗೆದರು, ಡಬ್ಬಿಗಳಿಂದ ನೀರು ಗೋರಿದರು. ಸೀಳಿದ ಅಡ್ಡಮರಕ್ಕೆ ಅವನು ಜಾಲಿಯ ತುಂಡು ಜೋಡಿಸಿ ಬೋಲ್ಟ್ ಬಿಗಿದ, ಇಂಜಿನ್ ಮತ್ತೆ ಏರಿಸಿ ಕೂಡಿಸಿದ. ಈ ಸಲ ಸಂದಿಗೆ ಒಂದೇ ಎಳೆ ಬತ್ತಿ, ಅದೂ ಸಡಿಲಾಗಿ. ದೋಣಿ ತೇಲಿತು. ಚೆನ್ನಾಗಿಯೇ ತೇಲಿತು. ನಾವು ಗೆದ್ದೆವು ಅನ್ನಬೇಕು.

"ಹಾಯಿ ಬಿಚ್ಚು, ಗಾಳಿ ಛಲೋ ಬಿಟ್ಟದ," ಎಂದು ದೋಣಿಯ ಮೇಲಿನಿಂದ ಕೂಗಿದ.

"ಬಿಚ್ಚಾಂಗಿಲ್ರಿ."

"ಯಾಕ?"

"ಬಿಚ್ಚಿದ್ರ ನಾ ಎಲ್ಲಿರ್ಲಿ?"

"ಎಲ್ಲಿರ್ಲಿ ಅಂದ್ರ? ಮನಿ ತಯಾರ್ ಆಗಿಲ್ಲೇನು ಇಲ್ಲಿ!"

"ಅದು ನಿಮ್ಮ ಮನಿ. ಮುಳುಗಿಸಿ ಎತ್ತೂ ಮನಿ ನನಗ ಸಾಕಾಗ್ಯದ. ಹುಣಸಗ್ಯಾಗ ಒಂದು ಖೋಲಿ ಹಿಡೀಮು. ಹಗಲು ದೋಣಿ ನಡಸ್ರಿ, ರಾತ್ರಿ ಮನಿಗಿ ಬರ್ರಿ."

"ಖೋಲಿಗಿ ಬಾಡಿಗಿ ಯಾರ ಕೊಡ್ತಾರ?"

"ನಾ ಕೊಡ್ತೀನಿ. ಹೊಲದು ಕೊಡ್ತೀನಿ."

"ದೋಣಿ ಬಿಟ್ಟು ನಾ ಮಲಗಾಂವ ಅಲ್ಲ. ಹಾಯಿ ಕೊಡು. ಇಲ್ಲಂದ್ರ ಡೀಸೆಲ್ ನನ್ನ ತಿಂದು ಹಾಕ್ತದ."

ಕೊಡಲಿಲ್ಲ. ನನ್ನ ಕೈಬೊಬ್ಬೆಯಿಂದ ಆದದ್ದು ಅದು. ಅವನು ಇಂಜಿನ್ನಿನ ಹ್ಯಾಂಡಲ್ ತಿರುಗಿಸಿದ. ಹೊಗೆ ಬಿಡುತ್ತ ದೋಣಿ ಆಚೆ ದಂಡೆಗೆ ಹೋಯಿತು.

ಹಾಯಿ ಮಡಿಚಿ, ಯಂತ್ರದ ಜೊತೆ ಬಸ್ಸಿನ ಟಾಪಿಗೆ ಏರಿಸಿ ಹುಣಸಗಿಗೆ ಬಂದೆ. ಬಸ್ ನಿಲ್ದಾಣದ ಹತ್ತಿರ ಒಂದು ಖೋಲಿ ಸಿಕ್ಕಿತು. ಮುಂದಿನ ಕಟ್ಟೆಗೆ ಹಾಯಿಯನ್ನೇ ಚಪ್ಪರವಾಗಿ ಕಟ್ಟಿ ಕೆಳಗೆ ಯಂತ್ರ ಇಟ್ಟೆ. ಬಾಗಿಲ ಚೌಕಟ್ಟಿನ ಮೇಲೆ ಪೇಂಟಿನಲ್ಲಿ ಬರೆದ ಮನೆ ನಂಬರ್ ಇತ್ತು. ಮೊದಲ ದಿನ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನೆ ನೋಡುತ್ತ ನಿಂತಿದ್ದೆ. ಗಂಡ ಬರಬಹುದೆಂದು ಎರಡು ಬಟ್ಟಲು ಅಕ್ಕಿ ಹಾಕುವ ರೂಢಿ ಬಿಡಲು ನನಗೆ ಆ ಮಳೆಗಾಲವೆಲ್ಲ ಬೇಕಾಯಿತು.

ಅವನು ಬಂದದ್ದು ಮುಂದಿನ ಬೇಸಿಗೆಯಲ್ಲಿ, ಮಧ್ಯಾಹ್ನದ ಬಸ್ಸಿಗೆ. ಕರ್ರಗಾಗಿದ್ದ, ಉಗುರು ಸಂದಿಯಲ್ಲಿ ಡಾಂಬರು. ಚಪ್ಪರದ ಕೆಳಗೆ ನಿಂತ. ಒಳಗೆ ಬರ್ರಿ ಅಂದೆ, ಬರಲಿಲ್ಲ.

"ಹ್ಯಾಂಗಿದ್ದೀರಿ?" ಅಂದೆ.

"ದೋಣಿ ಒಣಗಾಕತ್ತದ," ಅಂದ.

"ನೀರು ಹಾಕಾಂಗಿಲ್ಲೇನ್ರಿ?"

"ಮುಂಜಾನಿ, ಸಂಜಿ ಎರಡೂ ಹೊತ್ತು ಹಾಕ್ತೀನಿ. ಈ ವರ್ಷ ಮೊದ್ಲ ಆಳಕ್ಕ ಒಯ್ದು ನಿಲ್ಲಿಸೀನಿ. ಆದ್ರ ಮ್ಯಾಲಿನ ಹಲಗಿ ಬಿಸಲಿಗಿ ತಡಿಯವಲ್ವು." ತಲೆಯೆತ್ತಿ ಚಪ್ಪರ ನೋಡಿದ. ಕಣ್ಣು ಒಂದೊಂದು ಹೊಲಿಗೆಯ ಮೇಲೂ ಹರಿದಾಡಿತು. "ನೆರಳು ಬೇಕಾಗ್ಯದ."

ಎರಡೂ ಹೊತ್ತು ಕೊಡ ಎತ್ತುತ್ತಿದ್ದಾನೆ! ನನ್ನ ಕುತ್ತಿಗೆ ಮುರಿಯುವಾಗ ಒಂದು ಕೊಡ ಎತ್ತದವನು. ನನಗೆ ಅಳು ಬಂತೋ ನಗು ಬಂತೋ, ಈಗ ಹೇಳಲಾರೆ. ಯಂತ್ರ ನಿಲ್ಲಿಸಿ ಕೇಳಿದೆ.

"ನೆರಳು ಯಾರಿಗಿ ಬೇಕಾಗ್ಯದ್ರಿ? ನಿಮಗೋ, ದೋಣಿಗೋ?"

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ.

"ದೋಣಿಗಿ," ಅಂದ.

ನನಗೆ ಬೇಕು ಅಂದಿದ್ದರೆ ಆಗಿಂದಾಗಲೇ ಸ್ಟೂಲು ಹಾಕಿ ಗಂಟು ಬಿಚ್ಚಿಬಿಡುತ್ತಿದ್ದೆ. ಒಂದು ಸುಳ್ಳು ಹೇಳಿ ಒಯ್ಯುವಷ್ಟಾದರೂ ನನ್ನ ಮೇಲೆ ಲಕ್ಷ್ಯ ಇರಲಿಲ್ಲ ಅವನಿಗೆ.

"ಕೊಡಾಂಗಿಲ್ರಿ," ಅಂದು ಪೆಡಲಿನ ಮೇಲೆ ಕಾಲಿಟ್ಟೆ. ಚಹಾ ತರಿಸಿಕೊಟ್ಟೆ, ಕುಡಿದ. ಮುಂದಿನ ಬಸ್ಸು ಬರುವ ತನಕ ಅದೇ ಹಾಯಿಯ ನೆರಳಿನಲ್ಲಿ ನಿಂತಿದ್ದ.